ರಾಮಚಂದ್ರಪ್ಪನ ಆನ್‌ಲೈನ್ ಬಿ.ಎ.

ನಮ್ಮ ಬೀದಿಯಲ್ಲಿ ಡಿಗ್ರಿಗಿಂತ ಮೊದಲು ಬೋರ್ಡು ಬಂತು. ಬಾಗಿಲ ಪಕ್ಕದ ಗೋಡೆಗೆ ಕಪ್ಪು ಗ್ರಾನೈಟ್ ಕಲ್ಲು, ಅದರ ಮೇಲೆ ಹಳದಿ ಅಕ್ಷರಗಳಲ್ಲಿ ‘ರಾಮಚಂದ್ರಪ್ಪ, ಬಿ.ಎ.’ ಎಂದು ಕೆತ್ತಿಸಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೊಯ್ದು ಇಟ್ಟಿದ್ದರು. ಬಂಗಾರಪೇಟೆಯಲ್ಲಿ ಗ್ರಾನೈಟಿಗೇನೂ ಬರವಿಲ್ಲ, ಬಿ.ಎ.ಗೂ ಇಲ್ಲ. ಆದರೆ ರಾಮಚಂದ್ರಪ್ಪ ಇನ್ನೂ ಪಾಸಾಗಿರಲಿಲ್ಲ. ದೂರಶಿಕ್ಷಣದಲ್ಲಿ ಕುಂಟುತ್ತ ತೆವಳುತ್ತ ಎಲ್ಲ ಪೇಪರುಗಳನ್ನೂ ದಾಟಿದ್ದ, ಇತಿಹಾಸ ಒಂದು ಬಾಕಿ ಇತ್ತು. ಅದನ್ನು ಈ ವರ್ಷವೇ ಮುಗಿಸಬೇಕು, ಇಲ್ಲವಾದರೆ ಹಿಂದಿನದೆಲ್ಲ ರದ್ದು ಎಂದು ವಿಶ್ವವಿದ್ಯಾಲಯದವರು ತಿಳಿಸಿದ್ದರು. ಪಾಠ ಪರೀಕ್ಷೆ ಎಲ್ಲವೂ ಆನ್‌ಲೈನ್, ಮನೆಯಿಂದ ಕದಲಬೇಕಿಲ್ಲ ಎಂದೂ ತಿಳಿಸಿದ್ದರು. ಅವನು ಎರಡನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡು ಕಲ್ಲು ಕೆತ್ತಿಸಿದ.

“ಲೇ ರಾಮಚಂದ್ರ, ಪಾಸಾಗೋಕ್ ಮುಂಚೆ ಬೋರ್ಡ್ ಯಾಕ್ಲಾ?” ಎಂದು ನಾನು ಕೇಳಿದೆ.

“ಇತಿಹಾಸ ಅಂದ್ರೆ ಆಗೋಗಿರೋದು ಕಣ್ಲಾ ಅಂಬ್ರೀಶ. ಆಗೋಗಿರೋದು ಇನ್ನೆಲ್ಲಿಗೆ ಓಗ್ತದೆ? ಓದ್ಕೊಂಡ್ರಾಯ್ತು,” ಎಂದ.

ತರ್ಕ ನನ್ನ ಕಸುಬಲ್ಲ. ನಾನು ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ನನ್ನ ಕೆಲಸ ಇದ್ದದ್ದನ್ನು ಇದ್ದ ಹಾಗೆ ಇನ್ನೊಂದು ಪ್ರತಿ ತೆಗೆಯುವುದು, ಅಷ್ಟೆ.

ರಾಮಚಂದ್ರಪ್ಪನ ಉದ್ಯೋಗವನ್ನೂ ಹೇಳಿಬಿಡುತ್ತೇನೆ. ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಯಾವ ಕಚೇರಿ ಎಂದು ಹೇಳುವುದಿಲ್ಲ, ಅವರಿಗೂ ಮಾನ ಮರ್ಯಾದೆ ಇರುತ್ತದೆ. ವಯಸ್ಸಿಗೆ ಬಂದಾಗಿನಿಂದ ಬೆಲ್ಲು ಕೇಳಿದರೆ ಎದ್ದು ಓಡುವುದೇ ಅವನ ಕೆಲಸ. ಅವನ ಕಣ್ಣೆದುರಿಗೇ ಮೀಸೆ ಬಾರದ ಹುಡುಗರು ಬಂದರು, ಡಿಗ್ರಿ ತೋರಿಸಿದರು, ಕುರ್ಚಿಯಲ್ಲಿ ಕುಳಿತು ಸಾರ್ ಆದರು. ಇವನು ಅವರಿಗೆ ಟೀ ತಂದುಕೊಟ್ಟ. ಸಂಬಳ ಹೆಚ್ಚಲಿ ಎಂದು ಅವನು ಓದಲು ಕೂತವನಲ್ಲ. ಸಾಯುವುದರೊಳಗೆ ಒಬ್ಬನಾದರೂ ತನ್ನನ್ನು ಸಾರ್ ಅನ್ನಬೇಕು, ಅದೊಂದೇ ಆಸೆ. ಆಸೆ ತಪ್ಪೇನಲ್ಲ, ಆದರೆ ಅದು ಎಂಥ ಪಜೀತಿಗೆ ತಂದು ನಿಲ್ಲಿಸಿತು ಅನ್ನುವುದನ್ನು ನಾನು ಹೇಳಲೇಬೇಕು.

ಅವನ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಸಿಕ್ಕರೂ ಮುನಿಲಕ್ಷ್ಮಿಯ ಧಾರಾವಾಹಿಗೆ ಸಿಗುತ್ತಿತ್ತೇ ಹೊರತು ಗಂಡನ ಇತಿಹಾಸಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಸಂಜೆಯ ತರಗತಿ ನನ್ನ ಅಂಗಡಿಯಲ್ಲಿ ನಡೆಯಿತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಿಗೆ ಎರಡು ಪೆನ್ನು, ಕೆಳಗೆ ಮನೆಯ ಲುಂಗಿ. ಮೊಬೈಲನ್ನು ಪೇಪರ್ ಬಂಡಲಿಗೆ ಒರಗಿಸಿ, ಅದಕ್ಕೊಂದು ಊದುಬತ್ತಿ ಬೆಳಗಿ ಸ್ಟೂಲಿನ ಮೇಲೆ ಕುಳಿತ. ಪರದೆಯಲ್ಲಿ ಪಾಠ ಮಾಡುವ ಅರ್ಚನ ಮೇಡಂ ಕಾಣಿಸಿಕೊಂಡ ಕೂಡಲೇ ಧಡಕ್ಕನೆ ಎದ್ದು ನಿಂತ. ಗುರುಗಳು ಬಂದರೆ ಎದ್ದು ನಿಲ್ಲುವುದನ್ನು ಊರ ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತವನು. ಅವನು ನಿಂತ, ಮೊಬೈಲು ನಿಲ್ಲಲಿಲ್ಲ. ಇಡೀ ತರಗತಿ ಅವನ ನೀಲಿ ಚೌಕುಳಿ ಲುಂಗಿಯ ಗಂಟನ್ನು ಕಣ್ತುಂಬ ನೋಡಿತು.

“ದಯವಿಟ್ಟು ಕೂತ್ಕೊಳ್ಳಿ ರಾಮಚಂದ್ರಪ್ಪನವರೇ,” ಎಂದರು ಮೇಡಂ. ಮೈಸೂರು ಕಡೆಯವರು, ಸಣ್ಣ ವಯಸ್ಸು, ಮೆತ್ತಗಿನ ದನಿ.

“ಪರವಾಗಿಲ್ಲ ಮೇಡಂ, ನಿಂತೇ ಕೇಳ್ತೀನಿ,” ಎಂದು ಇವನು ಕೂಗಿದ. ಮೈಕು ಆಫ್ ಆಗಿದ್ದರಿಂದ ಅದು ನನಗೂ ಪಕ್ಕದ ಬೇಕರಿಯವನಿಗೂ ಮಾತ್ರ ಕೇಳಿಸಿತು.

ಒಂದು ವಾರವಾದ ಮೇಲೆ ಮುನಿಲಕ್ಷ್ಮಿ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಅಂಗಡಿಗೆ ಬಂದಳು. ಒಳಗೆ ಇಣುಕಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ನೋಡಿ ಅಂಬ್ರೀಶಣ್ಣ, ಬೀದಿಗೆಲ್ಲ ಕಾಲೇಜಿಗೆ ಓಗ್ಬತ್ತೀನಿ ಅಂತ ಯೋಳ್ಕೊಂಡು ಬತ್ತಾರೆ. ಯಾವ ಕಾಲೇಜಪ್ಪ ಅಂತ ಬಂದು ನೋಡಿದ್ರೆ ನಿಮ್ಮಂಗಡಿ ಸ್ಟೂಲು! ಅದ್ರಲ್ಲೂ ನಿದ್ದೆ ಒಡೀತಾವ್ರೆ.”

ನಿದ್ದೆ ಹೊಡೆಯುತ್ತಿದ್ದುದು ನಿಜ. ಫ್ರಾನ್ಸಿನ ರಾಜನ ತಲೆ ಹಾರುವ ಹೊತ್ತಿಗೆ ಇವನ ತಲೆ ಲ್ಯಾಮಿನೇಷನ್ ಮಿಷನ್ನಿಗೆ ಒರಗಿತ್ತು. ಕ್ಯಾಮೆರಾ ಮಾತ್ರ ಶ್ರದ್ಧೆಯಿಂದ ಆನ್ ಆಗಿತ್ತು.

ಹೀಗೇ ಕೊನೆಯ ಹಂತ ಬಂತು. ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಿಮ್ಮ ಸೀಮೆಯ ಹಿರಿಯರೊಬ್ಬರನ್ನು ಹುಡುಕಿ, ಅವರು ಕಂಡದ್ದನ್ನು ಅವರ ಮಾತಲ್ಲೇ ವಿಡಿಯೊ ಮಾಡಿ ಕಳಿಸಿ, ಅದಿಲ್ಲದೆ ಪಾಸಿಲ್ಲ. ಅದಕ್ಕೊಂದು ನಿಯಮವೂ ಇತ್ತು. ಮಾತಾಡುವ ಹಿರಿಯರು ಮೊದಲು ಕ್ಯಾಮೆರಾ ಎದುರು ಒಪ್ಪಿಗೆ ಹೇಳಬೇಕು: ‘ಇದು ವಿದ್ಯಾರ್ಥಿಯ ಓದಿಗಾಗಿ. ಇದರಿಂದ ನನಗೆ ಏನೂ ಸಿಗುವುದಿಲ್ಲ ಎಂದು ತಿಳಿದೇ ಮಾತಾಡುತ್ತಿದ್ದೇನೆ.’

“ಯಾರನ್ನ ಮಾತಾಡಿಸ್ತೀರಿ ರಾಮಚಂದ್ರಪ್ಪನವರೇ?” ಎಂದು ಮೇಡಂ ಕೇಳಿದಾಗ ಇವನು ಎದೆಯುಬ್ಬಿಸಿ, “ಕೆಜಿಎಫ್ ಮೇಡಂ. ಚಿನ್ನದ ಗಣಿ. ಅಲ್ಲಿ ಎಲ್ಲರೂ ನಮ್ಮವರೇ,” ಎಂದುಬಿಟ್ಟ. ಅಲ್ಲಿನ ಆಂಡರ್ಸನ್‌ಪೇಟೆಯಲ್ಲಿ ಅವನಿಗೆ ಪರಿಚಯವಿದ್ದದ್ದು ಒಬ್ಬ ಚಪ್ಪಲಿ ಹೊಲಿಯುವವನು. ಅವನೂ ತೀರಿಕೊಂಡು ಬಹಳ ಕಾಲವಾಗಿತ್ತು.

ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನ ಚಾಂಪಿಯನ್ ರೀಫ್ಸಿಗೆ ಹೋದೆವು. ಅವನು ಬಿಳಿ ಶರ್ಟು, ಕರಿ ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಕೊರಳಲ್ಲಿ ವಿದ್ಯಾರ್ಥಿಯ ಗುರುತಿನ ಚೀಟಿ. ನಾನೇ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿ ಕೆಂಪು ಟೇಪಿಗೆ ಸಿಗಿಸಿ ಕೊಟ್ಟದ್ದು. ಕಂಕುಳಲ್ಲಿ ರೆಕ್ಸಿನ್ ಬ್ಯಾಗು.

“ಮೊಬೈಲ್ ನೀನೇ ಇಡ್ಕೋ ಕಣ್ಲಾ. ಪ್ರಶ್ನೆ ಕೇಳೋನೇ ಮೊಬೈಲ್ ಇಡ್ಕೊಂಡ್ರೆ ಗೌರವ ಇರಾಕಿಲ್ಲ,” ಎಂದ. ಹೀಗೆ ನಾನು ಇತಿಹಾಸದ ಛಾಯಾಗ್ರಾಹಕನಾದೆ.

ಗಣಿ ಕಾರ್ಮಿಕರ ಹಳೆಯ ಮನೆಗಳು ಅಲ್ಲಿ ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿವೆ, ಲೈನು ಅನ್ನುತ್ತಾರೆ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಬೂಟಿನ ಪಾಲಿಶ್ ಎಲ್ಲ ಬೂದಿಬಣ್ಣವಾಯಿತು. ನಾವು ಲೈನಿನ ಬಾಯಲ್ಲಿ ಕಾಲಿಟ್ಟೆವೋ ಇಲ್ಲವೋ, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಹೆಂಗಸೊಬ್ಬಳು ಬ್ಯಾಗು ನೋಡಿದಳು, ಕೊರಳಿನ ಕೆಂಪು ಟೇಪು ನೋಡಿದಳು, ಬಿಂದಿಗೆ ಅಲ್ಲೇ ಬಿಟ್ಟು, ಸಾರ್ ಬಂದುಬಿಟ್ಟರು ಎಂದು ತಮಿಳಿನಲ್ಲಿ ಕೂಗಿದಳು.

“ಸಾರ್ ವಂದುಟ್ಟಾರು!”

ಬಾಗಿಲುಗಳೆಲ್ಲ ತೆರೆದುಕೊಂಡವು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗಣಿ ಮುಚ್ಚಿದ ಮೇಲೆ ಈ ಲೈನುಗಳಿಗೆ ಬ್ಯಾಗು ಹಿಡಿದವರು ಬಂದದ್ದಕ್ಕೆ ಲೆಕ್ಕವಿಲ್ಲ. ಮನೆ ನಿಮ್ಮ ಹೆಸರಿಗೆ ಆಗುತ್ತೆ, ಗಣಿ ಮತ್ತೆ ತೆರೆಯುತ್ತೆ, ಬಾಕಿ ಬರುತ್ತೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿ, ವಿವರ ಬರೆದುಕೊಂಡು ಹೋದರು. ಅದಕ್ಕೇ ಇಲ್ಲಿನ ಪ್ರತಿ ಮನೆಯಲ್ಲಿ ದೇವರ ಪಟದ ಹಿಂದೆ ಒಂದು ಪ್ಲಾಸ್ಟಿಕ್ ಕವರು ಸದಾ ತಯಾರಿರುತ್ತದೆ, ಒಳಗೆ ಜೆರಾಕ್ಸ್ ಸೆಟ್ಟು. ಬ್ಯಾಗು ಕಂಡರೆ ಸಾಕು, ಕವರು ಕೈಗೆ ಬರುತ್ತದೆ. ಬಂದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಎಲ್ಲಿ ಸಿಟ್ಟು ಮಾಡಿಕೊಂಡು ಹೋಗಿಬಿಡುತ್ತಾರೋ ಎಂದು ಭಯ.

ಕಣ್ಣು ಮಿಟುಕಿಸುವುದರೊಳಗೆ ನಮ್ಮೆದುರು ಸಾಲು ನಿಂತಿತ್ತು. ಅದನ್ನು ನೇರ ಮಾಡುತ್ತಿದ್ದವರು ಮುನಿಸ್ವಾಮಪ್ಪ, ಗಣಿಯೊಳಗೆ ದುಡಿದ ಗಟ್ಟಿ ಮುದುಕ, ಆ ಲೈನಿಗೆ ಯಜಮಾನ ಇದ್ದ ಹಾಗೆ.

“ತಳ್ಳಬ್ಯಾಡ್ರಪ್ಪ! ಸಾರ್ ಎಲ್ರದ್ದೂ ನೋಡ್ತಾರೆ!”

“ಅಯ್ಯೋ, ನಾನು ಸಾರ್ ಅಲ್ಲ,” ಎಂದ ರಾಮಚಂದ್ರಪ್ಪ. “ನಾನು ಸ್ಟೂಡೆಂಟು.”

ಮುನಿಸ್ವಾಮಪ್ಪ ಅವನ ನರೆತ ಮೀಸೆ ನೋಡಿದರು, ಹೊಟ್ಟೆ ನೋಡಿದರು, ಜನರ ಕಡೆ ತಿರುಗಿ ಕಣ್ಣು ಮಿಟುಕಿಸಿದರು. “ಸ್ಟೂಡೆಂಟಂತೆ! ಓದ್ಸಲ ಬಂದೋನು ನಾನು ಸುಮ್ನೆ ಗಾಳಿಗೆ ಬಂದೆ ಅಂದಿದ್ದ. ಆಮೇಲೆ ನೋಡಿದ್ರೆ ದೊಡ್ಡ ಆಫೀಸರು. ಯಾವೂರು ಸಾರ್ ತಮ್ದು?”

“ಬಂಗಾರಪೇಟೆ,” ಎಂದೆ ನಾನು. ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

“ಯಾವ ಆಫೀಸು?”

“ಆಫೀಸಲ್ಲಿ ನಾನು ಬರೀ... ಅದೂ ಅಲ್ದೆ, ನಿಮ್ ತಾಲ್ಲೂಕೇ ಬೇರೆ,” ಎಂದು ರಾಮಚಂದ್ರಪ್ಪ ತೊದಲಿದ.

“ಅದಕ್ಕೇ!” ಎಂದು ಮುನಿಸ್ವಾಮಪ್ಪ ತೊಡೆ ತಟ್ಟಿದರು. “ನಮ್ ತಾಲ್ಲೂಕೋರ್ನ ಕಳಿಸಿದ್ರೆ ವಿಷ್ಯ ಒರಗೆ ಬತ್ತದೆ ಅಂತ ಬೇರೆ ತಾಲ್ಲೂಕೋರ್ನ ಕಳ್ಸವ್ರೆ. ಗುಟ್ಟು! ಅರ್ಥ ಆಯ್ತಾ ಎಲ್ರಿಗೂ?”

ಎಲ್ಲರಿಗೂ ಅರ್ಥವಾಯಿತು. ನಮಗಿಬ್ಬರಿಗೆ ಆಗಲಿಲ್ಲ. ಎಲ್ಲಿಂದಲೋ ಪ್ಲಾಸ್ಟಿಕ್ ಕುರ್ಚಿ ಬಂತು, ಅದರ ಮೇಲೆ ಹೊಸ ಟವೆಲು ಬಂತು. ಬೋಂಡ, ಚಟ್ನಿ, ಗ್ಲಾಸಿನ ತುಂಬ ಟೀ. ಒಬ್ಬ ಹಿಂದೆ ನಿಂತು ಬೀಸಣಿಗೆ ಬೀಸಿದ. “ಸಾರ್, ಸಕ್ಕರೆ ಸಾಕಾ ಸಾರ್?” “ಸಾರ್, ಬಿಸಿಲು ಬೀಳ್ತಾ ಐತಾ ಸಾರ್?” ರಾಮಚಂದ್ರಪ್ಪ ಇನ್ನೊಮ್ಮೆ ಅಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮತ್ತೊಂದು ಸಾರ್ ಬಂದು ಕಿವಿಗೆ ಬಿತ್ತು. ಬಾಯಿ ಮುಚ್ಚಿಕೊಂಡಿತು. ಅವನ ಮುಖ ನಾನು ನೋಡಿದೆ. ಮದುವೆಯ ದಿನವೂ ಅವನು ಅಷ್ಟು ಸುಂದರವಾಗಿ ಕಂಡಿರಲಿಲ್ಲ. ನನಗೆ ಬೈಯಬೇಕು ಅನ್ನಿಸಿತು, ಆಗಲಿಲ್ಲ.

ಲೈನಿನಲ್ಲಿ ಹಿರಿಯರು ಯಾರು ಎಂದಾಗ ಎಲ್ಲರೂ ಅಮ್ಮಾಜಮ್ಮನವರನ್ನು ಮುಂದೆ ತಂದು ಕೂರಿಸಿದರು. ಗಂಡ ಗಂಗುಲಪ್ಪ ಗಣಿಯೊಳಗೆ ದುಡಿದವನು, ತೀರಿಕೊಂಡು ಕೆಲ ವರ್ಷವಾಗಿತ್ತು. ಮಗಳು ಮಾಲೂರಿನಲ್ಲಿ. ಒಂದು ಕಣ್ಣಿಗೆ ಪೊರೆ ಬಂದಿತ್ತು, ಮಾತಿಗೆ ಮಾತ್ರ ಯಾವ ಪೊರೆಯೂ ಇರಲಿಲ್ಲ. ರಾಮಚಂದ್ರಪ್ಪ ಒಪ್ಪಿಗೆಯ ಮಾತನ್ನು ಹೇಳಿಕೊಟ್ಟ.

“ಇದು ಓದೋದಕ್ಕೆ. ಇದ್ರಿಂದ ನಂಗೇನೂ ಸಿಗಾಕಿಲ್ಲ ಅಂತ ಗೊತ್ತು,” ಎಂದು ಅಮ್ಮಾಜಮ್ಮ ಕ್ಯಾಮೆರಾ ನೋಡಿ ಹೇಳಿದರು. ಹೇಳಿ, ಚೆನ್ನಾಗಿರುವ ಕಣ್ಣನ್ನು ಪಟಕ್ಕನೆ ಹೊಡೆದರು. ಹಿಂದೆ ನಿಂತಿದ್ದವರೆಲ್ಲ ಕೈಮುಗಿದರು.

ಆಮೇಲೆ ರಾಮಚಂದ್ರಪ್ಪ ಏನು ಕೇಳಿದರೂ ಅವರು ಒಂದೇ ಧಾಟಿಯಲ್ಲಿ ಒಪ್ಪಿಸಿದರು. ಯಜಮಾನರ ಹೆಸರು, ಅವರ ತಂದೆ ಹೆಸರು, ಅಂಡರ್‌ಗ್ರೌಂಡ್ ಕೆಲಸ, ಟೋಕನ್ ನಂಬರು, ಮನೆ ನಂಬರು, ರೇಷನ್ ಕಾರ್ಡು. “ನಿಮ್ಮ ಬದುಕು ಎಂಗಿತ್ತಮ್ಮ?” ಎಂದರೆ, “ಮನೆ ನಮ್ಮೆಸ್ರಿಗೆ ಆಗಿಲ್ಲ ಸಾಮಿ,” ಎಂದರು.

ಅರ್ಚನ ಮೇಡಂ ವಿಡಿಯೊ ನೋಡಿ ಮರುದಿನ ಸಂಜೆಯೇ ಕರೆದರು.

“ರಾಮಚಂದ್ರಪ್ಪನವರೇ, ಈ ಅಜ್ಜಿ ಕಣ್ಣು ಯಾಕೆ ಹೊಡೆದರು?”

“ಪೊರೆ ಮೇಡಂ.”

“ಅದು ಇನ್ನೊಂದು ಕಣ್ಣು. ಹಿಂದೆ ಜನ ಯಾಕೆ ಕೈಮುಗೀತಿದ್ದಾರೆ? ನಿಮ್ಮನ್ನ ಯಾರು ಅಂದ್ಕೊಂಡಿದ್ದಾರೆ ಅವರು?”

ಇವನು ಪರದೆಯ ಮೂಲೆಯ ಗುರುತನ್ನು ನೋಡಿದ. ಈ ಸಲ ಮೈಕು ಆನ್ ಆಗಿತ್ತು.

“ನಾನು ಇದನ್ನ ತಗೊಳ್ಳೋಕಾಗಲ್ಲ,” ಎಂದರು ಮೇಡಂ. “ಅವರಿಗೆ ನಿಜ ಗೊತ್ತಿರಬೇಕು. ಗೊತ್ತಿದ್ದು ಹೇಳಿದರೆ ಮಾತ್ರ ಒಪ್ಪಿಗೆ. ಮುಂದಿನ ಭಾನುವಾರದವರೆಗೆ ಟೈಮಿದೆ. ಆಮೇಲೆ ನಿಮ್ಮ ನೋಂದಣಿನೇ ಮುಗಿಯುತ್ತೆ, ನಾನೇನೂ ಮಾಡೋಕಾಗಲ್ಲ.”

“ನಿಜ ಯೋಳಿದ್ರೆ ಅವ್ರು ಮಾತಾಡ್ತಾರೇನ್ಲಾ?” ಎಂದು ರಾಮಚಂದ್ರಪ್ಪ ನನ್ನನ್ನು ಕೇಳಿದ. “ಮಾತಾಡ್ದಿದ್ರೆ ನಾನು ಫೇಲು. ಯೋಳ್ದೆ ಇದ್ರೂ ಫೇಲು.”

“ಬೋರ್ಡಿನ ಮೇಲೆ ಸುಣ್ಣ ಬಳಿಸ್ಲಾ?” ಎಂದೆ. ಅವನು ನಗದೆ, ಭಾನುವಾರ ಮತ್ತೆ ಬರುತ್ತೇವೆ ಎಂದು ಲೈನಿಗೆ ಹೇಳಿಕಳಿಸಿದ.

ಈ ನಡುವೆ ಸುದ್ದಿ ನಮಗಿಂತ ಮೊದಲು ರೈಲು ಹತ್ತಿ ಬಂದಿತ್ತು. ಕೆಜಿಎಫ್‌ನದೇ ಕೋರಮಂಡಲ್ ಕಡೆಯವರು ಚೀಟಿಯಲ್ಲಿದ್ದ ಹೆಸರು ಹಿಡಿದು, ತಮ್ಮ ಲೈನಿಗೆ ಯಾಕೆ ಬರಲಿಲ್ಲ ಎಂದು ವಿಚಾರಿಸಿಕೊಂಡು ಬಂದರು. ಅವರಲ್ಲಿ ನಾಲ್ಕಾರು ಜನ ನಿಂಬೆಹಣ್ಣು, ಹಾರ ಹಿಡಿದು ನೇರವಾಗಿ ಕಚೇರಿಗೇ ಹೋಗಿ, ಸಾಹೇಬರ ಕೋಣೆಗೆ ನುಗ್ಗಿ, “ರಾಮಚಂದ್ರಪ್ಪ ಸಾರ್ ಎಲ್ಲಿ?” ಎಂದರಂತೆ.

ಸಾಹೇಬರು ಬೆಲ್ಲು ಒತ್ತಿದರು. ರಾಮಚಂದ್ರಪ್ಪ ಓಡಿಹೋದ. ಕೈಯಲ್ಲಿ ಟೀ ತಟ್ಟೆ ಇತ್ತು.

“ಏನಯ್ಯಾ, ನನಗೇ ಗೊತ್ತಿಲ್ಲದ ಹಾಗೆ ನನ್ನ ಆಫೀಸಲ್ಲಿ ಒಬ್ಬ ಸಾರ್ ಇದ್ದಾನಂತಲ್ಲ? ಎಲ್ಲಿ ಕೂರ್ತಾನೆ ಅವನು? ನಾನೂ ಸ್ವಲ್ಪ ನಮಸ್ಕಾರ ಮಾಡ್ಕೊಂಡು ಬರ್ತೀನಿ,” ಎಂದರು ಸಾಹೇಬರು.

ಬಂದವರು ತಟ್ಟೆ ನೋಡಿದರು, ಇವನ ಮುಖ ನೋಡಿದರು. ಇಷ್ಟರಲ್ಲಿ ಗುಟ್ಟು ಬಯಲಾಗಬೇಕಿತ್ತು ತಾನೆ? ಇಲ್ಲ. “ವೇಷ ಆಕ್ಕೊಂಡವ್ರೆ,” ಎಂದು ಪಿಸುಗುಟ್ಟಿ, ಹಾರವನ್ನು ತಟ್ಟೆಯ ಮೇಲಿಟ್ಟು ಹಿಂದೆ ಹಿಂದೆ ನಡೆದು ಹೊರಟುಹೋದರಂತೆ. ನಂಬಬೇಕು ಎಂದು ನಿರ್ಧರಿಸಿದವರ ಎದುರು ಸತ್ಯಕ್ಕೆ ಟೀ ತಟ್ಟೆಯಷ್ಟೂ ಬೆಲೆಯಿಲ್ಲ.

ಸಾಹೇಬರು ಇನ್ನೊಂದು ಸಲ ಹೀಗಾದರೆ ನೋಟಿಸು ಎಂದರು. ಅದಕ್ಕೂ ಅವನು ಅಷ್ಟು ಹೆದರಲಿಲ್ಲ. ಅವನು ನಿಜವಾಗಿ ಹೆದರಿದ್ದು ಶುಕ್ರವಾರ ಮುನಿಸ್ವಾಮಪ್ಪ ನನ್ನ ಅಂಗಡಿಗೆ ಬಂದಾಗ. ಲೈನಿನವರ ಕವರುಗಳನ್ನೆಲ್ಲ ಹೊಸ ಜೆರಾಕ್ಸ್ ಮಾಡಿಸಲು ತಂದಿದ್ದರು. ಸ್ಟೂಲಿನ ಮೇಲಿದ್ದ ಇವನನ್ನು ಕಂಡು ಕೈಮುಗಿದರು.

“ಸಾರ್, ಭಾನುವಾರ ಬತ್ತೀರಂತಲ್ಲ. ಎಲ್ರೂ ಮನೇಲೇ ಇರ್ತಾರೆ. ಅಮ್ಮಾಜಕ್ಕಂಗೆ ಕಣ್ಣಿನ ಆಪರೇಷನ್‌ಗೆ ದಿನ ಕೊಟ್ಟಿದ್ರು. ಮಗಳು ಕರ್ಕೊಂಡೋಗೋಕೆ ಬಂದ್ಲು. ಅಕ್ಕ ಓಗಲಿಲ್ಲ ನೋಡಿ! ಸಾರ್ ಬಂದಾಗ ಮನೆಗೆ ಬೀಗ ಇದ್ರೆ ಬೇರೆಯೋರೆಸ್ರಿಗೆ ಬರ್ಕೊಂಡ್ಬಿಟ್ಟಾರು, ಕಣ್ಣು ಆಮೇಲೆ ನೋಡ್ಕೊಂಡ್ರಾಯ್ತು ಅಂದ್ಬಿಟ್ಲು.”

ಮುನಿಸ್ವಾಮಪ್ಪ ಇದನ್ನು ಮೆಚ್ಚುಗೆಗಾಗಿಯೇ ಹೇಳಿ, ಕವರು ಎಣಿಸಿಕೊಂಡು ಹೋದರು. ರಾಮಚಂದ್ರಪ್ಪ ಅಲ್ಲೇ ಕುಳಿತಿದ್ದ. ಮಿಷನ್ನು ಓಡುತ್ತಿತ್ತು, ಅದರ ಹಸಿರು ಬೆಳಕು ಅವನ ಮುಖದ ಮೇಲೆ ಹಾದುಹೋಗುತ್ತಿತ್ತು.

“ನನ್ನಿಂದ ಆ ಯಮ್ಮನ ಕಣ್ಣು ಓಗ್ತದೇನ್ಲಾ ಅಂಬ್ರೀಶ?”

ಅವನನ್ನು ಜೀವಮಾನವಿಡೀ ಗೇಲಿ ಮಾಡಿದವನು ನಾನು. ಆ ಹೊತ್ತು ಮಿಷನ್ನು ಆರಿಸಿ ಅವನ ಪಕ್ಕ ಕುಳಿತೆ.

ಭಾನುವಾರ ಲೈನಿನ ತುಂಬ ರಂಗೋಲಿ. ಅದೇ ಕುರ್ಚಿ, ಅದೇ ಟವೆಲು, ಪಕ್ಕದಲ್ಲಿ ಚೆಂಡುಹೂವಿನ ಹಾರ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಳ್ಳಬೇಡ ಎಂದಿದ್ದೆ, ಹಾಕಿರಲಿಲ್ಲ. ಅದನ್ನು ಕಂಡು, ಈ ಸಲ ಇನ್ನೂ ಗುಟ್ಟಾಗಿ ಬಂದವ್ರೆ ಎಂದು ಯಾರೋ ಅಂದರು. ರಾಮಚಂದ್ರಪ್ಪ ಕುರ್ಚಿಯಲ್ಲಿ ಕೂರದೆ ನಿಂತೇ ಮಾತು ಶುರುಮಾಡಿದ.

“ನೋಡ್ರಪ್ಪ, ನಾನು ಆಫೀಸರ್ ಅಲ್ಲ. ಮನೆ ಕೊಡ್ಸೋನಲ್ಲ. ಗಣಿ ತೆಗ್ಸೋನೂ ಅಲ್ಲ.”

“ಸರಿ ಸಾರ್,” ಎಂದರು ಎಲ್ಲರೂ ಒಕ್ಕೊರಲಿನಿಂದ.

“ನಾನು ಆಫೀಸಲ್ಲಿ ಟೀ ಕೊಡೋ ಅಟೆಂಡರ್ರು!”

“ಎಂಥ ದೊಡ್ಡ ಗುಣ ನೋಡಿ,” ಎಂದರು ಮುನಿಸ್ವಾಮಪ್ಪ. “ಸ್ವಲ್ಪಾನೂ ಅಹಂಕಾರ ಇಲ್ಲ.”

“ನಮ್ಮಪ್ಪನಾಣೆ!”

“ಆಣೆ ಯಾಕೆ ಸಾರ್, ನಾವು ಯಾರ್ಗೂ ಯೋಳಾಕಿಲ್ಲ.”

ರಾಮಚಂದ್ರಪ್ಪ ಬೆವರು ಒರೆಸಿಕೊಂಡ. ನನ್ನ ಕಡೆ ನೋಡಿದ. ಆಮೇಲೆ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಅರ್ಚನ ಮೇಡಂಗೆ ವಿಡಿಯೊ ಕಾಲ್ ಮಾಡಿದ. ಮೇಡಂ ಕಾಣಿಸಿಕೊಂಡ ತಕ್ಷಣ ಸ್ಪೀಕರು ಪೂರ್ತಿ ಏರಿಸಿ ಪರದೆಯನ್ನು ಜನರ ಕಡೆ ತಿರುಗಿಸಿದ.

“ಮೇಡಂ, ನನ್ ಮಾರ್ಕ್ಸ್ ಓದಿ ಮೇಡಂ. ಎಲ್ರ ಎದುರಿಗೂ ಓದಿ.”

ಮೇಡಂ ಗಾಬರಿಯಾದರು. “ಹಾಗೆಲ್ಲ ಬೇರೆಯವರ ಎದುರು ಓದಬಾರದು ರಾಮಚಂದ್ರಪ್ಪನವರೇ. ಅದು ನಿಮ್ಮ ಸ್ವಂತ ವಿಷಯ.”

“ಒಪ್ಪಿಗೆ ಕೊಡ್ತಾ ಇದ್ದೀನಿ ಮೇಡಂ. ಇದ್ರಿಂದ ನನಗೆ ಏನೂ ಸಿಗಲ್ಲ, ಇರೋ ಮಾನಾನೂ ಓಗ್ತದೆ ಅಂತ ತಿಳಿದೇ ಒಪ್ಕೊಂಡಿದ್ದೀನಿ. ಓದಿ.”

ಮೇಡಂ ಜನರನ್ನು ನೋಡಿದರು. ಕೊರಳಿಗೆ ಹಾರ ಹಾಕಲು ಕಾಯುತ್ತಿದ್ದವನನ್ನು ನೋಡಿದರು. ಅವರಿಗೆ ತಿಳಿದಿರಬೇಕು, ದನಿ ಬದಲಾಯಿತು. ನಮ್ಮೂರ ಮೇಷ್ಟ್ರ ದನಿ ಬಂತು.

“ಮೊದಲ ಕಿರುಪರೀಕ್ಷೆಯಲ್ಲಿ ನಿಮಗೆ ಇಪ್ಪತ್ತಕ್ಕೆ ಮೂರು. ಎರಡನೆಯದರಲ್ಲಿ ಎರಡು. ಮೊದಲನೆಯ ಮಹಾಯುದ್ಧಕ್ಕೆ ಕಾರಣಗಳೇನು ಅಂತ ಕೇಳಿದ್ದೆ. ನೀವು ಏನು ಬರೆದ್ರಿ? ‘ಸದರಿ ಯುದ್ಧಕ್ಕೆ ಸಂಬಂಧಿಸಿದ ಕಡತವು ಮೇಲಧಿಕಾರಿಗಳ ಬಳಿ ಇದ್ದು, ಪರಿಶೀಲನೆಯ ನಂತರ ಕ್ರಮ ಕೈಗೊಳ್ಳಲಾಗುವುದು.’”

“ಕಡತ ಅಂದ್ರು! ಮೇಲಧಿಕಾರಿ ಅಂದ್ರು!” ಎಂದು ಹಿಂದಿನಿಂದ ಯಾರೋ ಸಂಭ್ರಮದಿಂದ ಕೂಗಿದರು.

“ಇಂಥ ಉತ್ತರ ಬರೆಯೋಕೆ ನಾಚಿಕೆ ಆಗಲ್ವಾ ನಿಮಗೆ?” ಎಂದು ಮೇಡಂ ಗದರಿದರು. “ಕ್ಲಾಸಿನಲ್ಲಿ ಗೊರಕೆ ಹೊಡೀತೀರಿ. ಫ್ರಾನ್ಸಿನ ಕ್ರಾಂತಿ ಪೂರ್ತಿ ಬಾಯಿ ತೆಗೆದು ಮಲಗಿದ್ರಿ, ಎಲ್ಲರೂ ನೋಡಿದ್ದಾರೆ. ಇದೊಂದು ಕೆಲಸ ಮಾಡದಿದ್ರೆ ನೀವು ಫೇಲು. ಕೇಳಿಸ್ತಾ?”

“ಕೇಳಿಸ್ತು ಮೇಡಂ,” ಎಂದ ರಾಮಚಂದ್ರಪ್ಪ. ಕೈಕಟ್ಟಿ, ತಲೆ ತಗ್ಗಿಸಿ, ಬೆತ್ತದ ಏಟಿಗೆ ಕಾದವನಂತೆ ನಿಂತಿದ್ದ.

ಲೈನಿನಲ್ಲಿ ಹೆಂಗಸೊಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಫೀಸರನ್ನು ಹೀಗೆ ಯಾರೂ ಬೈಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ನಗು ನಿಲ್ಲುವ ಹೊತ್ತಿಗೆ ಇನ್ನೊಂದು ವಿಷಯವೂ ಗೊತ್ತಾಯಿತು, ಹಾಗಾದರೆ ಮನೆಯೂ ಇಲ್ಲ. ಒಬ್ಬೊಬ್ಬರೇ ಕವರು ಮಡಿಸಿಕೊಂಡರು. ಹಾರ ಹಿಡಿದವನು ಅದನ್ನು ನೋಡಿ, ಯಾವುದಕ್ಕೂ ಇರಲಿ ಎಂದು ಮನೆಗೆ ತೆಗೆದುಕೊಂಡು ಹೋದ.

ಮುನಿಸ್ವಾಮಪ್ಪ ಮಾತ್ರ ಕೆಂಡವಾಗಿದ್ದರು. “ಮೊದಲ್ನೇ ದಿನಾನೇ ಇಂಗೆ ನೆಟ್ಟಗೆ ಯೋಳೋಕೆ ಏನ್ ಬಂದಿತ್ತು ನಿಂಗೆ? ಸಾರ್ ಸಾರ್ ಅಂದಾಗ ಉಬ್ಬಿ ಕೂತ್ಕೊಂಡ್ಯಲ್ಲ!”

“ಉಬ್ಬಿದ್ದು ನಿಜ ಕಣಣ್ಣ,” ಎಂದ ರಾಮಚಂದ್ರಪ್ಪ. “ತಪ್ಪಾಯ್ತು. ಅಮ್ಮಾಜಮ್ಮ, ನೀವು ನಾಳೇನೇ ಕಣ್ಣಾಸ್ಪತ್ರೆಗೆ ಓಗ್ಬೇಕು. ಇಲ್ಲಿ ಯಾರೂ ಬರಾಕಿಲ್ಲ. ನಾವು ಬತ್ತೀವಿ.” ನನಗೆ ಕೈಸನ್ನೆ ಮಾಡಿ ಹೊರಟ.

“ನಿಲ್ಲಪ್ಪ,” ಎಂದರು ಅಮ್ಮಾಜಮ್ಮ. ಅವರು ತಮ್ಮ ಸ್ಟೂಲಿನಿಂದ ಎದ್ದಿರಲೇ ಇಲ್ಲ. ಅವರ ಬಾಯಲ್ಲಿ ‘ಸಾಮಿ’ ಹೋಗಿ ‘ಅಪ್ಪ’ ಬಂದಿತ್ತು. “ನಾನು ಮಾತಾಡ್ಲಿಲ್ಲ ಅಂದ್ರೆ ನೀನು ಫೇಲಾ?”

“ಊಂ ಕಣಮ್ಮ.”

“ಮನೆ ಇಲ್ಲ, ದುಡ್ಡಿಲ್ಲ, ಏನೂ ಇಲ್ಲ. ಸುಮ್ನೆ ನಡೆದಿದ್ದು ಯೋಳ್ಬೇಕು. ಅಷ್ಟೇ ತಾನೆ?”

“ಅಷ್ಟೇ.”

“ಅಂಗಾರೆ ಕೂತ್ಕೋ. ನಂಗೇನೂ ಸಿಗಾಕಿಲ್ಲ ಅಂತ ಗೊತ್ತಾಯ್ತು. ಯೋಳ್ತೀನಿ.” ಈ ಸಲ ಕಣ್ಣು ಹೊಡೆಯಲಿಲ್ಲ. ನಾನು ಮೊಬೈಲು ಎತ್ತಿ ಹಿಡಿದೆ. ಮೇಡಂ ಆಗಲೇ ಫೋನು ಇಟ್ಟಿದ್ದರು. ಮುನಿಸ್ವಾಮಪ್ಪ ಸಿಟ್ಟಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು, ಹೋಗಿರಲಿಲ್ಲ.

“ನಮ್ಮಪ್ಪಂಗೆ ಗಣಿಯೊಳಗೆ ಇಳಿಯೋನ್ಗೆ ಎಣ್ಣು ಕೊಡೋಕೆ ಭಯ,” ಎಂದು ಅಮ್ಮಾಜಮ್ಮ ಶುರುಮಾಡಿದರು. “ಅದಕ್ಕೇ ನಮ್ಮನೆಯೋರು ಆಫೀಸಲ್ಲಿ ಕ್ಲರ್ಕ್ ಕೆಲ್ಸ ಅಂತ ಸುಳ್ಳು ಯೋಳಿ ಮದುವೆ ಮಾಡ್ಕೊಂಡ್ರು. ಇಲ್ಲಿಗೆ ಬಂದ ಮೊದಲ್ನೇ ಬೆಳಿಗ್ಗೆ ನಲ್ಲಿ ಅತ್ರ ನಂಗೆಲ್ಲ ಗೊತ್ತಾಗೋಯ್ತು. ಲೈನ್‌ಗೆಲ್ಲ ಗೊತ್ತಿರೋ ವಿಷ್ಯ, ನಂಗೆ ಗೊತ್ತಾಗ್ದೆ ಇರ್ತದಾ? ಆದ್ರೆ ಆ ಮನುಷ್ಯ ದಿನಾ ಬಿಳೀ ಶರ್ಟ್ ಆಕ್ಕೊಂಡು ಓಗೋರು. ಗಣೀಲೇ ಸ್ನಾನ ಮಾಡಿ, ಅದೇ ಬಿಳೀ ಶರ್ಟಲ್ಲಿ ಮನೆಗೆ ಬರೋರು. ಪಾಪ, ಎಷ್ಟು ಕಷ್ಟ ಪಟ್ಟು ಸುಳ್ಳು ಯೋಳ್ತಾವ್ರಲ್ಲ ಅನ್ನಿಸ್ತು. ನಾನೂ ಬುತ್ತಿ ಕಟ್ಟಿ ಕೊಟ್ಟು, ಆಫೀಸ್‌ಗೆ ಟೈಮಾಯ್ತು ಓಗಿ, ಅಂತಿದ್ದೆ.”

“ನೈಟ್ ಶಿಫ್ಟ್ ಬಂದಾಗ?” ಎಂದು ನಾನೇ ಕೇಳಿಬಿಟ್ಟೆ.

“ಇವತ್ತು ಲೆಕ್ಕ ಜಾಸ್ತಿ ಐತೆ ಅನ್ನೋರು.” ಅಮ್ಮಾಜಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಮಗಳು ದೊಡ್ಡೋಳಾದ್ಲು. ಅವ್ಳಿಗೂ ಗೊತ್ತು. ಮನೇಲಿ ಮೂರೂ ಜನಕ್ಕೂ ಆಫೀಸೇ. ಗಣಿ ಮುಚ್ಚಿದ್ರಲ್ಲ, ಅವತ್ತು ಮೊದಲ್ನೇ ಸಲ ಸ್ನಾನ ಮಾಡ್ದೆ ಬಂದ್ರು. ತಲೆಯಿಂದ ಕಾಲ್ಗಂಟ ಧೂಳು. ಬಾಗ್ಲಲ್ಲಿ ನಿಂತ್ಕೊಂಡ್ರು, ಒಳಗೆ ಬರೋಕೆ ನಾಚ್ಕೆ. ನಾನು ಕೇಳಿದೆ, ‘ಏನ್ರೀ, ಇವತ್ತು ಆಫೀಸಲ್ಲಿ ಧೂಳು ಜಾಸ್ತಿ ಇತ್ತಾ?’ ಅಂತ. ಊಂ ಅಂದ್ರು. ನೀರು ಕಾಯ್ಸಿ ಕೊಟ್ಟೆ. ಸಾಯೋಗಂಟ ಆ ಮಾತು ನಾನೂ ಎತ್ತಲಿಲ್ಲ, ಅವ್ರೂ ಎತ್ತಲಿಲ್ಲ. ನಂಗೆ ಗೊತ್ತು ಅಂತ ಗೊತ್ತಿಲ್ದೇನೇ ಓಗ್ಬಿಟ್ರು. ಯೋಳ್ಬೇಕಿತ್ತೇನೋ ಅಂತ ಈಗ್ಲೂ ಒಂದೊಂದ್ಸಲ ಅನ್ನಿಸ್ತದೆ.”

ಗೋಡೆಯ ಕಡೆಯಿಂದ ಕೆಮ್ಮಿದ ಸದ್ದಾಯಿತು.

“ಅವ್ನಿಗೆ ಗೊತ್ತಿತ್ತು ಅಮ್ಮಾಜಕ್ಕ,” ಎಂದರು ಮುನಿಸ್ವಾಮಪ್ಪ.

“ಏನು ಗೊತ್ತಿತ್ತು?”

“ನಿಂಗೆ ಗೊತ್ತು ಅಂತ. ಮದುವೆ ಆದ ವರ್ಷಾನೇ ಗೊತ್ತಾಗೋಯ್ತು ಅವ್ನಿಗೆ. ಕೆಳಗೆ ಬುತ್ತಿ ಬಿಚ್ಕೊಂಡು ಕೂತಾಗ ನಗೋನು. ‘ನನ್ ಎಂಡ್ತಿ ಎಲ್ಲಾ ತಿಳ್ಕೊಂಡವ್ಳೆ ಕಣೋ ಮುನಿಸಾಮಿ, ಆದ್ರೂ ದಿನಾ ಆಫೀಸ್‌ಗೆ ಟೈಮಾಯ್ತು ಅಂತಾಳೆ. ಆ ಮಾತು ಕೇಳ್ಕೊಂಡು ಬಂದ್ರೆ ಕೆಳಗಿಳಿಯೋಕೆ ಭಯ ಆಗಾಕಿಲ್ಲ’ ಅನ್ನೋನು.”

ಅಮ್ಮಾಜಮ್ಮ ಅವರ ಕಡೆ ಕತ್ತು ತಿರುಗಿಸಿದರು. “ಇಷ್ಟು ವರ್ಷ ಯಾಕೋ ಯೋಳ್ಲಿಲ್ಲ?”

“ಯಾರು ಕೇಳಿದ್ರಕ್ಕ? ಬಂದೋರೆಲ್ಲ ನಂಬರ್ ಕೇಳಿದ್ರು.”

ಅಮ್ಮಾಜಮ್ಮ ಸ್ಟೂಲನ್ನು ಕರಕರ ಎಂದು ಮುನಿಸ್ವಾಮಪ್ಪನ ಕಡೆ ತಿರುಗಿಸಿಕೊಂಡರು. ಈಗ ಕ್ಯಾಮೆರಾಕ್ಕೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಎದ್ದು ಆ ಕಡೆ ಹೋಗಲು ನೋಡಿದೆ, ರಾಮಚಂದ್ರಪ್ಪ ನನ್ನ ತೋಳು ಹಿಡಿದು ಬೇಡ ಎಂದು ತಲೆಯಾಡಿಸಿದ. ತಾನು ಕುಳಿತಿದ್ದ ಕುರ್ಚಿಯಿಂದ ಎದ್ದು, ಟವೆಲು ಕೊಡವಿ, ಕುರ್ಚಿಯನ್ನು ಮುನಿಸ್ವಾಮಪ್ಪನ ಪಕ್ಕಕ್ಕೆ ಸರಿಸಿದ.

“ಕೂತ್ಕೋ,” ಎಂದರು ಅಮ್ಮಾಜಮ್ಮ. “ಮೊದಲಿಂದ ಯೋಳು. ಅವ್ರು ಎಂಗಂದ್ರು?”